ಘಟ್ಟದ ದಾರಿಯಲ್ಲಿ ಹೆಸರು ಓದುತ್ತಾ

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಿಲ್ಲಿ. ಬಸ್ಸಿನ ಮುಂದಿನ ಬೋರ್ಡು ಓದಿ. ಆನಂದಪುರ, ಸಾಗರ, ತಾಳಗುಪ್ಪ, ಜೋಗ, ಹೊನ್ನಾವರ. ಓದಲು ಬಂತಲ್ಲ? ಇನ್ನು ‘ಇದು ಎಲ್ಲಿಗೆ ಹೋಗ್ತದೆ ಅಣ್ಣಾ’ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಈ ರಸ್ತೆ ಮಲೆನಾಡು ದಾಟಿ, ಘಟ್ಟ ಇಳಿದು, ಸಮುದ್ರದ ದಂಡೆಗೆ ಹೋಗುತ್ತದೆ. ದಾರಿಯ ಉದ್ದಕ್ಕೂ ಅಡಿಕೆ ತೋಟ, ಗದ್ದೆ, ಕಾಡು. ಹೆಚ್ಚಿನ ಜನ ಬರುವುದು ಜೋಗ ನೋಡಲಿಕ್ಕೆ. ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹಿಂದಕ್ಕೆ ಹೋಗುತ್ತಾರೆ. ನಡುವಿನ ಊರುಗಳು ಕಿಟಕಿಯಲ್ಲೇ ಕಳೆದುಹೋಗುತ್ತವೆ. ನಾವು ಹಾಗೆ ಮಾಡಲಿಲ್ಲ. ರಾತ್ರಿ ಶಾಲೆಯ ಕಲಿಯುವವರು, ಕಲಿಸುವವರು ಸೇರಿ ಹದಿನಾಲ್ಕು ಮಂದಿ ಹೊರಟೆವು. ಎಲ್ಲರ ಕೈಯಲ್ಲೂ ಒಂದು ನೋಟ್ ಪುಸ್ತಕ. ಕಂಡ ಹೆಸರನ್ನೆಲ್ಲ ಬರೆದುಕೊಳ್ಳಬೇಕು ಅಂತ ಮೊದಲೇ ಮಾತಾಗಿತ್ತು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೆ ಸಾಗರದ ಕಡೆ ಖಾಸಗಿ ಬಸ್ಸುಗಳೂ ಬಹಳ. ಅಲ್ಲಿ ದುಡ್ಡು ಕೊಡಬೇಕು. ಬೋರ್ಡು ಓದಿ ಹತ್ತಿ.

ಸಾಗರದಲ್ಲಿ ಇಳಿದು ಮೊದಲು ಇಕ್ಕೇರಿಗೆ ಹೋದೆವು. ಸುಮಾರು ಆರು ಕಿಲೋಮೀಟರ್. ಇಲ್ಲಿ ಅಘೋರೇಶ್ವರ ದೇವಸ್ಥಾನ ಇದೆ. ಹದಿನಾರನೇ ಶತಮಾನದ್ದು, ಪೂರ್ತಿ ಕಲ್ಲಿನದು. ಎದುರಿಗೆ ಮಂಟಪದಲ್ಲಿ ದೊಡ್ಡ ನಂದಿ. ಇದನ್ನು ಕಟ್ಟಿಸಿದವರು ಕೆಳದಿಯ ನಾಯಕರು. ಅವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಬಿದನೂರು ಅಂದರೆ ಈಗಿನ ನಗರ. 1763ರಲ್ಲಿ ಹೈದರಾಲಿ ಅದನ್ನು ಗೆದ್ದ.

ಗರ್ಭಗುಡಿಯ ಮುಂದೆ ನೆಲ ನೋಡಿ ಕಾಲಿಡಿ. ನೆಲದ ಕಲ್ಲಿನಲ್ಲಿ ಮೂವರು ನಾಯಕರ ಚಿತ್ರ ಕೆತ್ತಿದ್ದಾರೆ. ದೇವರಿಗೆ ಅಡ್ಡಬಿದ್ದ ಹಾಗೆ ಇದೆ. ಒಬ್ಬನ ಕೈಕಾಲಿಗೆ ಬೇಡಿ. ಒಬ್ಬೊಬ್ಬರ ತಲೆ ಮೇಲೂ ಹೆಸರು ಕೆತ್ತಿದೆ. ಹಳೆಯ ಅಕ್ಷರ, ಓದಲು ತಿಣುಕಬೇಕು. ನಮ್ಮವರು ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಹುಡುಕಿದರು. ಆಗ ಒಬ್ಬ ಅಕ್ಕ ಕೇಳಿದರು: ‘ರಾಜರ ಹೆಸರು ಇದೆ ಟೀಚರ್. ಕಲ್ಲು ಕೆತ್ತಿದವರದ್ದು ಎಲ್ಲಿ?’

ನಾವು ಸುತ್ತಲೂ ಹುಡುಕಿದೆವು. ನಮ್ಮ ಕಣ್ಣಿಗೆ ಬೀಳಲಿಲ್ಲ.

ಎಲ್ಲ ಕಡೆ ಹೀಗೇ ಅಲ್ಲ. ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆ ಅಂತ ಊರಿದೆ. ಒಂಬೈನೂರು ವರ್ಷದ ಹಿಂದೆ ಅಲ್ಲಿಂದ ದಾಸೋಜ ಅನ್ನುವ ಶಿಲ್ಪಿ, ಅವನ ಮಗ ಚಾವಣ, ಬೇಲೂರಿಗೆ ಕೆಲಸಕ್ಕೆ ಹೋದರು. ಅಲ್ಲಿ ತಾವು ಕೆತ್ತಿದ ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿ ಬಂದರು. ಅದಕ್ಕೇ ಇವತ್ತು ಅವರ ಹೆಸರು ನಮಗೆ ಗೊತ್ತು.

ಕೆಳದಿ ಸಾಗರದ ಇನ್ನೊಂದು ಕಡೆಗೆ, ಸುಮಾರು ಎಂಟು ಕಿಲೋಮೀಟರ್. ರಾಮೇಶ್ವರ ದೇವಸ್ಥಾನ, ಪಕ್ಕದಲ್ಲೇ ವೀರಭದ್ರ. ವೀರಭದ್ರ ಗುಡಿಯಲ್ಲಿ ತಲೆ ಎತ್ತಿ ನೋಡಿದರೆ ಮೇಲುಗಡೆ ಗಂಡಭೇರುಂಡ. ಎರಡು ತಲೆಯ ಹಕ್ಕಿ. ಸರ್ಕಾರಿ ಕಾಗದದ ಮೇಲೆ ಇದನ್ನೇ ನೋಡಿರುತ್ತೀರಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ರಾಣಿ ಈ ಮನೆತನದವಳೇ.

ಸಾಗರಕ್ಕೆ ವಾಪಸ್ ಬಂದು ಗುಡಿಗಾರರ ಕೆಲಸ ನೋಡಿದೆವು. ಗುಡಿಗಾರರು ತಲೆತಲಾಂತರದಿಂದ ಶ್ರೀಗಂಧ ಕೆತ್ತುವವರು. ಮದುವೆಗೆ ಬೆಂಡಿನ ಬಾಸಿಂಗವನ್ನೂ ಮಾಡುತ್ತಾರೆ. ಸಾಗರ, ಸೊರಬ ಕಡೆ ಈ ಮನೆಗಳಿವೆ. ಅವರ ಉಳಿ ಎಷ್ಟು ಸಣ್ಣದು ಗೊತ್ತೇ? ಕೆಲವು ನಮ್ಮ ದಬ್ಬಣದಷ್ಟೇ ಇದ್ದವು. ಅದರಲ್ಲಿ ಬಳ್ಳಿ, ಹೂವು, ದೇವರ ಕಣ್ಣಿನ ರೆಪ್ಪೆ ಎಲ್ಲವೂ ಮೂಡುತ್ತವೆ.

ಗಂಧದ ಮರದ ವಾಸನೆ ಇರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ. ಚೇಗು ಬಲಿಯಲು ಬಹಳ ವರ್ಷ ಬೇಕು. ಈ ಮರ ಪಕ್ಕದ ಗಿಡದ ಬೇರಿನಿಂದಲೂ ಸಾರ ಹೀರುತ್ತದೆ, ಒಂಟಿಯಾಗಿ ಬೆಳೆಯುವ ಮರವಲ್ಲ. ಮೊದಲು ನಮ್ಮ ಹಿತ್ತಲಲ್ಲಿ ಹುಟ್ಟಿದರೂ ಅದು ಸರ್ಕಾರದ್ದೇ ಆಗಿತ್ತು. 2001ರಲ್ಲಿ ಕಾನೂನು ಬದಲಾಯಿತು. ಈಗ ಜಮೀನಿನವರೇ ಮರದ ಒಡೆಯರು. ಆದರೂ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ಮರ ಕಡಿಮೆಯಾಗಿದೆ, ಬೆಲೆ ಏರಿದೆ. ಹಾಗಾಗಿ ಎಷ್ಟೋ ಕೈಗಳು ಬೇರೆ ಮರಕ್ಕೆ ಹೊರಳಿವೆ. ಬೇರೆ ಮರದಲ್ಲಿ ಕೆತ್ತಿದ್ದನ್ನು ಬೇರೆ ಮರ ಅಂತ ಹೇಳಿ ಮಾರಿದರೆ ತಪ್ಪೇನಿಲ್ಲ. ಅದಕ್ಕೆ ಗಂಧದ ಎಣ್ಣೆ ಸವರಿ ಮಾರುವವರೂ ಇದ್ದಾರೆ. ಕೊಳ್ಳುವಾಗ ರಸೀದಿ ಕೇಳಿ. ರಸೀದಿಯಲ್ಲಿ ‘ಶ್ರೀಗಂಧ’ ಎಂಬ ಮಾತು ಇದೆಯೇ, ನೀವೇ ಓದಿ ನೋಡಿ.

ಹೆಗ್ಗೋಡು ನಾಟಕದ ಊರು. ನೀನಾಸಮ್ ಶುರುವಾದದ್ದು 1949ರಲ್ಲಿ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲೇ ಹತ್ತಿರ ಭೀಮನಕೋಣೆಯಲ್ಲಿ ಹೆಂಗಸರು ಕೈಮಗ್ಗದ ‘ಚರಕ’ ಸಂಘ ಕಟ್ಟಿದರು. ಜೊತೆಗೆ ನಿಂತವರು ನಾಟಕದ ಪ್ರಸನ್ನ. ಇಲ್ಲಿನ ಬಣ್ಣ ನಮಗೆ ಗೊತ್ತಿರುವ ಬಣ್ಣವೇ. ಅಡಿಕೆ ಬೇಯಿಸಿದ ಚೊಗರು ಇದೆಯಲ್ಲ, ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ ಅಂತ ನಾವು ಬೈಯುತ್ತೇವೆ. ಅದನ್ನೇ ಬಣ್ಣ ಮಾಡಿ ನೂಲಿಗೆ ಹಾಕುತ್ತಾರೆ. ಕೆಂಪು ಕಂದು ಬರುತ್ತದೆ.

ಈಗ ಚಿತ್ತಾರದ ವಿಷಯಕ್ಕೆ ಬರೋಣ. ಇದಕ್ಕೆ ನಾವು ಒಂದು ಇಡೀ ದಿನ ಕೊಟ್ಟೆವು. ಕೊಟ್ಟದ್ದು ಕಡಿಮೆಯೇ ಆಯಿತು.

ಸಾಗರ ತಾಲ್ಲೂಕಿನ ಸಿರಿವಂತೆ ಮತ್ತು ಸುತ್ತಲ ಊರುಗಳಲ್ಲಿ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ನೆನೆಸಿ ಅರೆದರೆ ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯ ಬೀಜದಿಂದ ಹಳದಿ. ಪುಂಡಿ ನಾರೇ ಕುಂಚ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ಲಿನ ಗುರುತಿಲ್ಲ. ಒಂದೊಂದು ಗೆರೆಗೂ ‘ಎಳೆ’ ಅಂತ ಹೆಸರು. ಒಂದೆಳೆ, ಎರಡೆಳೆ ಅಂತ ಲೆಕ್ಕ ಇಟ್ಟು ಎಳೆಯುತ್ತಾರೆ. ಮದುಮಗ, ಮದುಮಗಳು, ಭತ್ತದ ತೆನೆ, ಏಣಿ, ಹಕ್ಕಿ ಎಲ್ಲ ಗೆರೆಯಲ್ಲೇ. ಬರೆಯುವಾಗ ಹಾಡು ಹೇಳುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೂ ಇದೇ ಚಿತ್ತಾರ.

ಒಂದು ಮಾತು ಗಮನಿಸಿದಿರಾ? ಚಿತ್ತಾರ ‘ಬರೆಯುತ್ತಾರೆ’. ಅವರು ಹೇಳುವುದೇ ಹಾಗೆ.

ಈಗ ಕಾಗದ, ಬಟ್ಟೆಯ ಮೇಲೂ ಬರೆದು ಮಾರುತ್ತಾರೆ. ನಾವು ಹೋದ ಮನೆಯ ಅಜ್ಜಿ ಒಂದು ಹಾಳೆ ತೋರಿಸಿದರು. ಮೂರು ದಿನದ ಕೆಲಸವಂತೆ. ನಮ್ಮ ಗುಂಪಿನ ಅಣ್ಣ ಒಬ್ಬರು ಸಂತೆಯ ಅಭ್ಯಾಸದಲ್ಲಿ ಅರ್ಧ ಬೆಲೆಗೆ ಕೇಳಿದರು. ಅಜ್ಜಿ ಏನೂ ಹೇಳಲಿಲ್ಲ. ಹಿಂದೆ ಕೂತಿದ್ದ ಅಕ್ಕ ನೋಟ್ ಪುಸ್ತಕದಲ್ಲಿ ಲೆಕ್ಕ ಹಾಕಿದರು. ‘ಅಡಿಕೆ ಸುಲಿಯೋಕೆ ನಿಮಗೆ ದಿನಕ್ಕೆ ಎಷ್ಟು ಕೊಡ್ತಾರೆ ಅಣ್ಣಾ? ಅದನ್ನು ಮೂರರಿಂದ ಗುಣಿಸಿ.’ ಅಣ್ಣ ಗುಣಿಸಿದರು. ಅಜ್ಜಿ ಹೇಳಿದ ಬೆಲೆಗಿಂತ ಜಾಸ್ತಿಯೇ ಬಂತು. ಸುಮ್ಮನೆ ದುಡ್ಡು ತೆಗೆದರು.

ಹಾಳೆಯ ಮೂಲೆ ಖಾಲಿ ಇತ್ತು. ‘ಇಲ್ಲಿ ನಿಮ್ಮ ಹೆಸರು ಹಾಕೋದಿಲ್ವಾ ಅಮ್ಮಾ?’ ಅಂತ ಅಕ್ಕ ಕೇಳಿದರು.

‘ನಂಗೆ ಓದು ಬರಹ ಬರಲ್ಲ ಕಣೇ. ಪ್ಯಾಟೆಯೋರು ತಗಂಡು ಹೋಗ್ತಾರೆ. ಅಲ್ಲಿ ಯಾರದ್ದು ಅಂತ ಹೇಳ್ತಾರೋ ಏನೋ.’

ಅಕ್ಕ ತಮ್ಮ ಪುಸ್ತಕದಲ್ಲಿ ಅಜ್ಜಿಯ ಹೆಸರು ದೊಡ್ಡದಾಗಿ ಬರೆದು ಮುಂದಿಟ್ಟರು. ಆ ಅಕ್ಕ ಅಕ್ಷರ ಕಲಿತು ಇನ್ನೂ ಒಂದು ವರ್ಷ ತುಂಬಿಲ್ಲ. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಂಡಿ ನಾರು ಅದ್ದಿ, ಎಳೆ ಎಳೆಯುವ ಹಾಗೆಯೇ, ನಾಲ್ಕು ಅಕ್ಷರ ಬರೆದರು. ಒಂದೂ ಸೊಟ್ಟ ಇರಲಿಲ್ಲ. ನಮ್ಮಲ್ಲಿ ಯಾರ ಅಕ್ಷರವೂ ಅಷ್ಟು ದುಂಡಗಿಲ್ಲ, ಕಲಿಸುವವರದ್ದೂ ಸೇರಿ.

ಸಾಗರದಿಂದ ಜೋಗ ಸುಮಾರು 30 ಕಿಲೋಮೀಟರ್. ತಾಳಗುಪ್ಪದವರೆಗೆ ರೈಲೂ ಇದೆ. ಜೋಗದ ಎತ್ತರ 253 ಮೀಟರ್, ಅಂದರೆ 830 ಅಡಿ. ಅರವತ್ತು ಅಡಿಯ ಅಡಿಕೆ ಮರವನ್ನು ಒಂದರ ಮೇಲೊಂದು ಹದಿನಾಲ್ಕು ನಿಲ್ಲಿಸಿದಷ್ಟು. ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು. ಮಳೆಗಾಲದಲ್ಲಿ ನೋಡಬೇಕು. ಕಾಲಿಗೆ ಉಂಬಳ ಹತ್ತುತ್ತದೆ, ಉಪ್ಪು ಇಟ್ಟುಕೊಳ್ಳಿ.

ಜೋಗದ ಮೇಲುಗಡೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಮುಗಿಯಿತು. ನಾಡಿಗೆ ವಿದ್ಯುತ್ ಬಂತು. ಎಷ್ಟೋ ಹಳ್ಳಿಗಳು ನೀರಿನೊಳಗೆ ಹೋದವು. ಉಳಿದವರಿಗೆ ಹಿನ್ನೀರು ದಾಟಲು ಲಾಂಚೇ ಗತಿಯಾಯಿತು. ಸಿಗಂದೂರು ಚೌಡೇಶ್ವರಿಗೆ ಹೋಗುವವರೂ ಲಾಂಚಿನಲ್ಲೇ ದಾಟುತ್ತಿದ್ದರು. 2025ರ ಜುಲೈಯಲ್ಲಿ ಸೇತುವೆ ತೆರೆಯಿತು. ನಮ್ಮ ಜೊತೆ ಬಂದ ಒಬ್ಬರ ಅಜ್ಜನ ಮನೆ ಮುಳುಗಡೆಯಾದ ಊರಿನಲ್ಲಿತ್ತು. ಆ ಊರಿನ ಹೆಸರು ಈಗ ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಜೋಗ ದಾಟಿದರೆ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ದಟ್ಟ ಕಾಡು, ಸಿಂಗಳೀಕ ಇರುವ ಕಾಡು. ಕೆಳಗೆ ಗೇರುಸೊಪ್ಪೆ. ಹೊಳೆಯ ಆಚೆ ಕಾಡಿನ ನಡುವೆ ನಾಲ್ಕು ಮುಖದ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಇಲ್ಲಿ ಚೆನ್ನಭೈರಾದೇವಿ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಅಲ್ಲಿಂದ ಹೊನ್ನಾವರ, ಸಮುದ್ರ.

ಓದಿ, ಬರೆಯಿರಿ

1. ಇಕ್ಕೇರಿಯ ನೆಲದಲ್ಲಿ ಯಾರ ಹೆಸರು ಇದೆ? ಬೇಲೂರಿನ ಮದನಿಕೆಯರ ಕೆಳಗೆ ಯಾರ ಹೆಸರು ಇದೆ?

2. ನಿಮ್ಮ ಮನೆಯ ಬುಟ್ಟಿ, ಕತ್ತಿ, ಮಡಕೆ, ಚಾಪೆ ಇವುಗಳಲ್ಲಿ ಯಾವುದು ಕೈಯಿಂದ ಮಾಡಿದ್ದು? ಮಾಡಿದವರು ಯಾರು? ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಊರು ಮತ್ತು ಹೆಸರು ಬರೆದು ಮುಂದಿನ ತರಗತಿಗೆ ತನ್ನಿ.