ಕೆಲಸದಲ್ಲಿ ಗಾಯವಾದರೆ ‘ಮನೇಲಿ ಬಿದ್ದೆ’ ಎನ್ನಬೇಡಿ

ಪವರ್ ಪ್ರೆಸ್‌ಗೆ ಬೆರಳು ಸಿಕ್ಕ ಹುಡುಗನನ್ನು ಸೂಪರ್‌ವೈಸರ್ ತನ್ನ ಬೈಕಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ದಾರಿಯಲ್ಲಿ ಕಿವಿಮಾತು: ‘ಡಾಕ್ಟ್ರು ಕೇಳಿದ್ರೆ ಮನೇಲಿ ಬಾಗಿಲಿಗೆ ಸಿಕ್ತು ಅನ್ನು. ಖರ್ಚೆಲ್ಲ ನಾವು ನೋಡ್ಕೋತೀವಿ.’ ಸಣ್ಣ ಶೆಡ್ಡುಗಳಲ್ಲಿ ದುಡಿಯುವವರಿಗೆ ಇದು ಹೊಸ ಮಾತಲ್ಲ. ಮುಂದೆ ಪರಿಹಾರ ಕೇಳಲು ಹೋದಾಗ ಅಡ್ಡ ಬರುವುದೂ ಇದೇ ಮಾತು.

ಎಲ್ಲಕ್ಕಿಂತ ಮೊದಲು ಜೀವ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈ ಮೇಲೆತ್ತಿ. ಅರಿಶಿನ, ಕಾಫಿಪುಡಿ, ಗ್ರೀಸ್ ಮೆತ್ತಬೇಡಿ. ಬೆರಳು ತುಂಡಾಗಿದ್ದರೆ ಅದನ್ನೂ ಜೊತೆಗೆ ಒಯ್ಯಬೇಕು. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ತುಂಬಿದ ಇನ್ನೊಂದು ಕವರಿನಲ್ಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಿದರೆ ಅದನ್ನು ಮತ್ತೆ ಜೋಡಿಸುವುದು ಕಷ್ಟ.

ಕ್ಯಾಶುವಾಲಿಟಿಯಲ್ಲಿ ‘ಹೇಗಾಯ್ತು?’ ಎಂದು ಕೇಳುತ್ತಾರೆ. ನೀವು ಹೇಳಿದ್ದೇ ಕೇಸ್ ಶೀಟಿನ ಮೊದಲ ಸಾಲಾಗುತ್ತದೆ. ಯಾವ ಜಾಗ, ಯಾವ ಮಷೀನು, ಎಷ್ಟು ಹೊತ್ತಿಗೆ ಎಂದು ಬಿಡಿಸಿ ಹೇಳಿ, ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಮಾಡಲು ಕೇಳಿ. ಗಾಯಗೊಂಡವರಿಗೆ ಪ್ರಜ್ಞೆ ಇಲ್ಲದಿದ್ದರೆ ಜೊತೆ ಹೋದವರು ಹೇಳಬೇಕು. ಖರ್ಚು ನೋಡಿಕೊಳ್ಳುವ ಮಾಲೀಕರು ನಿಜಕ್ಕೂ ಇದ್ದಾರೆ, ಆದರೆ ಅದಕ್ಕಾಗಿ ಸುಳ್ಳು ಹೇಳಿಸುವ ಅಗತ್ಯ ಅವರಿಗಿಲ್ಲ.

ಅದೇ ದಿನ, ಹೆಚ್ಚೆಂದರೆ ಮರುದಿನ, ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ನಾಲ್ಕು ಸಾಲಿನ ಕನ್ನಡ ಪತ್ರ ಸಾಕು. ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀದಿ ಇಟ್ಟುಕೊಳ್ಳಿ. ಮಷೀನಿನ ಫೋಟೊ, ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರ ಹೆಸರು ಮತ್ತು ನಂಬರು ಬೇಗ ಸಂಗ್ರಹಿಸಿ. ನಾಳೆ ಮಷೀನಿಗೆ ಹೊಸ ಗಾರ್ಡ್ ಬರಬಹುದು, ಸಾಕ್ಷಿ ಹೇಳಬೇಕಾದವನು ಊರಿಗೆ ಹೋಗಿರಬಹುದು.

ದುಡ್ಡು ಯಾರು ಕೊಡುತ್ತಾರೆ?

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರು ಸಾಮಾನ್ಯವಾಗಿ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಐಪಿ ನಂಬರ್ (ನಿಮ್ಮ ವಿಮಾ ಸಂಖ್ಯೆ) ಹಿಡಿದು ಇಎಸ್‌ಐ ಡಿಸ್ಪೆನ್ಸರಿ ಅಥವಾ ಆಸ್ಪತ್ರೆಗೆ ಹೋಗಿ. ಮಾಲೀಕರು ಅಪಘಾತದ ವರದಿಯನ್ನು ಇಎಸ್‌ಐಗೆ ಕಳಿಸಿದ್ದಾರೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಿದ್ದರೆ, ಗುಣವಾಗುವವರೆಗೆ ಸಂಬಳದ ಸುಮಾರು ಶೇ 90ರಷ್ಟು ಹಣ ಸಿಗುತ್ತದೆ. ಇದಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ನಿನ್ನೆ ಸೇರಿದವರಿಗೂ ಸಲ್ಲುತ್ತದೆ. ರಜೆಯ ಸರ್ಟಿಫಿಕೇಟು ನಡುವೆ ತಪ್ಪದಂತೆ ನೋಡಿಕೊಳ್ಳಿ. ಶಾಶ್ವತ ಊನವಾದರೆ ಮೆಡಿಕಲ್ ಬೋರ್ಡ್ ಪ್ರಮಾಣ ನಿರ್ಧರಿಸುತ್ತದೆ, ಅದರಂತೆ ಜೀವನಪೂರ್ತಿ ಹಣ ಬರುತ್ತದೆ.

ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕು. 1923ರ ಪರಿಹಾರ ಕಾಯ್ದೆಯಲ್ಲಿದ್ದ ಈ ಹಕ್ಕು ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆರು ಜನರಿರುವ ವೆಲ್ಡಿಂಗ್ ಶಾಪಿನಲ್ಲಿ 15,000 ರೂಪಾಯಿ ಸಂಬಳದ, 30 ವರ್ಷದ ಒಬ್ಬರ ಹೆಬ್ಬೆರಳು ಹೋಯಿತೆನ್ನಿ. ಸಂಬಳದ ಶೇ 60 ಅಂದರೆ 9,000. ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಅಂಕಿ 207.98. ಎರಡನ್ನೂ ಗುಣಿಸಿ, ಹೆಬ್ಬೆರಳಿಗೆ ನಿಗದಿಯಾದ ಶೇ 30ರಷ್ಟನ್ನು ಲೆಕ್ಕ ಹಾಕಿದರೆ 5,61,546 ರೂಪಾಯಿ. ಆಸ್ಪತ್ರೆ ಬಿಲ್ಲು ಬೇರೆ. ‘ಇಪ್ಪತ್ತು ಸಾವಿರ ತಗೊಂಡು ಇಲ್ಲಿ ಸೈನ್ ಹಾಕು’ ಎಂದವರ ಮುಂದೆ ಈ ಲೆಕ್ಕ ಇಡಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಖಾಲಿ ಹಾಳೆಗಂತೂ ಸಹಿ ಹಾಕಲೇಬೇಡಿ.

‘ನಿನ್ನದೇ ತಪ್ಪು, ಗಮನ ಎಲ್ಲಿತ್ತು?’ ಎಂಬ ಮಾತಿಗೂ ಹೆದರಬೇಕಿಲ್ಲ. ಬರೀ ಅಜಾಗರೂಕತೆಯಿಂದ ಪರಿಹಾರ ತಪ್ಪುವುದಿಲ್ಲ. ಕುಡಿದು ಕೆಲಸ ಮಾಡಿದ್ದರೆ, ಬೇಕೆಂದೇ ಗಾರ್ಡ್ ಕಳಚಿದ್ದರೆ ಮಾತ್ರ ತೊಡಕು. ಸಾವು ಅಥವಾ ಪೂರ್ಣ ಶಾಶ್ವತ ಊನ ಸಂಭವಿಸಿದರೆ ಆ ನೆಪವೂ ನಿಲ್ಲುವುದಿಲ್ಲ. ಇನ್ನು ‘ನೀನು ಕಾಂಟ್ರಾಕ್ಟರ್ ಕಡೆಯವನು’ ಎಂದು ಕೈ ತೊಳೆದುಕೊಳ್ಳುವುದೂ ಉಂಟು. ಯಾರ ವ್ಯವಹಾರಕ್ಕಾಗಿ ಕೆಲಸ ನಡೆಯುತ್ತಿತ್ತೋ ಆ ಮೂಲ ಮಾಲೀಕರಿಂದಲೇ ಪರಿಹಾರ ಕೇಳಬಹುದು, ಅವರು ಬೇಕಾದರೆ ಕಾಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲಿ.

ಗಾರೆ, ಸೆಂಟ್ರಿಂಗ್, ಪೇಂಟಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಅಲ್ಲೂ ಅಪಘಾತ ಸಹಾಯಕ್ಕೆ ಅರ್ಜಿ ಹಾಕಬಹುದು. ಕಾರ್ಡ್ ನವೀಕರಣವಾಗಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಮಾಲೀಕರು ಕೊಡದಿದ್ದರೆ ಅಪಘಾತ ನಡೆದ ಎರಡು ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಸಲ್ಲಿಸಬೇಕು. ನಿಮ್ಮ ಭಾಗದಲ್ಲಿ ಅದನ್ನು ಎಲ್ಲಿ ಹಾಕಬೇಕೆಂದು ತಾಲ್ಲೂಕಿನ ಲೇಬರ್ ಆಫೀಸಿನಲ್ಲಿ ಕೇಳಿ. ಕೇಸ್ ಶೀಟು, ಬಿಲ್ಲುಗಳು, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೊತೆಗಿರಲಿ. ಸಂಬಳ ಕೈಗೇ ಕೊಡುತ್ತಿದ್ದರೆ ಹಾಜರಾತಿ ಪುಸ್ತಕದ ಫೋಟೊ, ಮೇಸ್ತ್ರಿ ಕಳಿಸಿದ ಮೆಸೇಜು ಕೂಡ ನೆರವಾಗುತ್ತವೆ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಕೈಗಾರಿಕಾ ಕಾರ್ಮಿಕರಿಗೆ ಮತ್ತು ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಲು ಕಾನೂನಿನಲ್ಲೇ ಅವಕಾಶವಿದೆ. ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.