ಮಾಗಿಯ ಚಳಿ, ಮನೆಮದ್ದು ಮತ್ತು ನಾವು

ಮಾಗಿ ಕಾಲಿಟ್ಟಿತೆಂದರೆ ಹೆಡತಲೆಯ ಕಡೆ ಬೆಳಗಿನ ಗದ್ದೆಬಯಲಿನ ಮೇಲೆ ಮಂಜು ಕವಿದಿರುತ್ತದೆ. ಮದ್ರಸಕ್ಕೆ ಬರುವ ಮಕ್ಕಳ ಮೂಗು ಸೋರತೊಡಗುತ್ತದೆ. ಸೋಮವಾರ ಒಂದು ಮಗು ಸೀನಿದರೆ ಗುರುವಾರದ ಹೊತ್ತಿಗೆ ಅರ್ಧ ಚಾಪೆ ಖಾಲಿ. ನಾನೂ ಬಹಳ ದಿನ ಚಳಿಯನ್ನೇ ದೂರುತ್ತಿದ್ದೆ. ಒಂದು ದಿನ ನೀರಿನ ಕೊಡದ ಪಕ್ಕ ಇದ್ದ ಒಂದೇ ಒಂದು ಸ್ಟೀಲ್ ಲೋಟ ಕಣ್ಣಿಗೆ ಬಿತ್ತು. ಎಲ್ಲ ಮಕ್ಕಳೂ ಅದನ್ನೇ ಕಚ್ಚಿ ಕುಡಿಯುತ್ತಿದ್ದರು!

ನೆಗಡಿಯನ್ನು ತರುವುದು ವೈರಸ್. ಚಳಿಗೆ ಕಿಟಕಿ ಬಾಗಿಲು ಮುಚ್ಚಿ ಒತ್ತೊತ್ತಾಗಿ ಕೂರುವುದರಿಂದ ಅದು ಸುಲಭವಾಗಿ ಹರಡುತ್ತದೆ. ಪ್ರವಾದಿಯವರು(ಸ) ಸೀನುವಾಗ ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರೆಂದೂ, ಕುಡಿಯುವ ಪಾತ್ರೆಯೊಳಗೆ ಉಸಿರು ಬಿಡುವುದನ್ನು ತಡೆದರೆಂದೂ ಹದೀಸ್‌ಗಳಲ್ಲಿದೆ. ಇದನ್ನು ಬಾಯಿಪಾಠ ಮಾಡಿಸುತ್ತಿದ್ದ ನಾನು ಲೋಟದ ಕಡೆ ನೋಡಿರಲಿಲ್ಲ. ಈಗ ಪ್ರತಿ ಮಗುವೂ ತನ್ನ ಲೋಟ ತರುತ್ತದೆ. ವುಝೂ ಮಾಡುವ ನಲ್ಲಿಯ ಬಳಿ ಸಾಬೂನು ಇದೆ. ಬಿಸಿನೀರಿನಲ್ಲಿ ವುಝೂ ಮಾಡಿದರೆ ಸಿಂಧುವಲ್ಲ ಎಂದು ಕೆಲವರು ಮಕ್ಕಳನ್ನು ಹೆದರಿಸುವುದುಂಟು. ಅದಕ್ಕೆ ಆಧಾರವಿಲ್ಲ.

2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಕಾಣಿಸಿಕೊಂಡು ಊರೇ ಬಾಗಿಲು ಹಾಕಿದ್ದು ನಮ್ಮವರಿಗೆ ನೆನಪಿದೆ. ಆಗ ಮನೆ ಮನೆಯಲ್ಲೂ ಮೆಣಸು, ಶುಂಠಿ, ಅರಿಶಿನದ ಕಷಾಯ ಕುದಿಯುತ್ತಿತ್ತು. ಕಷಾಯ ಗಂಟಲಿಗೆ ಹಿತ. ರೋಗವನ್ನು ಬಾಗಿಲಲ್ಲೇ ತಡೆಯುವ ಶಕ್ತಿ ಅದಕ್ಕಿಲ್ಲ. ಕಲೌಂಜಿಯ ವಿಷಯವೂ ಹೀಗೆಯೇ. ಸಾವಿನ ಹೊರತು ಎಲ್ಲ ರೋಗಕ್ಕೂ ಅದರಲ್ಲಿ ಶಮನವಿದೆ ಎಂಬ ಹದೀಸ್ ಬುಖಾರಿಯಲ್ಲಿದೆ. ಮಾತು ಸಾರ್ವತ್ರಿಕವಾಗಿದ್ದರೂ ಉದ್ದೇಶ ನಿರ್ದಿಷ್ಟ ರೋಗಗಳೆಂದು ಖತ್ತಾಬಿಯಂಥ ಹಿರಿಯ ವಿದ್ವಾಂಸರೇ ವಿವರಿಸಿದ್ದಾರೆ. ಕಲೌಂಜಿಯ ಶೀಶೆ ಮನೆಯಲ್ಲಿದೆಯೆಂದು ಆಸ್ಪತ್ರೆಗೆ ಹೋಗದಿರುವುದು ತವಕ್ಕುಲ್ ಅಲ್ಲ.

ಜೇನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರಲ್ಲಿ ಜನರಿಗೆ ಶಮನವಿದೆಯೆಂದು ಸೂರಃ ಅನ್ನಹ್ಲ್ ತಿಳಿಸುತ್ತದೆ. ಮಲಗುವ ಮುನ್ನ ಒಂದು ಚಮಚ ಜೇನು ಮಕ್ಕಳ ಕೆಮ್ಮನ್ನು ತಗ್ಗಿಸುತ್ತದೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಗುಳುತ್ತದೆ. ಕೂಸು ಹಾಲು ಚೀಪಲಾರದೆ ಸೋತುಹೋಗುತ್ತದೆ, ಉಸಿರಾಟವೇ ನಿಲ್ಲಬಹುದು. ಜೇನನ್ನು ಬಿಸಿ ಮಾಡಿದರೂ ಆ ಅಪಾಯ ಹೋಗದು.

ನನ್ನ ತಂಗಿಗೆ ಹೆರಿಗೆಯಾದಾಗ ನಮ್ಮ ಖಾಲಾ ಜೇನಿನ ಶೀಶೆ ಹಿಡಿದೇ ನಿಂತಿದ್ದರು. ಬೇಡವೆಂದದ್ದಕ್ಕೆ, “ನಾಲ್ಕು ಅಕ್ಷರ ಓದಿ ಸುನ್ನತ್ತನ್ನೇ ತಡೀತೀಯೇನೋ ಬೇಟಾ?” ಎಂದರು. “ಇಲ್ಲ ಖಾಲಾ, ಅಬೂ ಮೂಸಾರ(ರ) ಮಗುವಿಗೆ ಪ್ರವಾದಿಯವರು ತಹ್ನೀಕ್ ಮಾಡಿದ್ದು ಖರ್ಜೂರದಿಂದ” ಎಂದೆ. ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದರು. ಆಮೇಲೆ ತಾವೇ ಕೈ ತೊಳೆದುಕೊಂಡು ಬಂದು, ಖರ್ಜೂರದ ರಸವನ್ನು ಬೆರಳ ತುದಿಯಿಂದ ಕೂಸಿನ ಅಂಗುಳಿಗೆ ಇಷ್ಟೇ ಇಷ್ಟು ತಾಕಿಸಿದರು. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳೂ ಇವೆ. ರೋಗದೊಡನೆ ಹೋರಾಡುವ ಅಂಶಗಳು ತುಂಬಿರುವುದು ಆ ಹಾಲಿನಲ್ಲೇ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಎರಡು ಪೂರ್ಣ ವರ್ಷ ಹಾಲೂಡಿಸುವ ವಿಷಯ ಸೂರಃ ಅಲ್ ಬಕರದಲ್ಲಿದೆ. ಆರೋಗ್ಯ ಕೇಂದ್ರದ ಚುಚ್ಚುಮದ್ದನ್ನು ಮಾತ್ರ ತಪ್ಪಿಸಬಾರದು.

ದೊಡ್ಡವರ ಊಟಕ್ಕೆ ದುಬಾರಿ ಟಾನಿಕ್ ಬೇಕಿಲ್ಲ. ಸೀಬೆಹಣ್ಣು, ನೆಲ್ಲಿಕಾಯಿ, ಸೊಪ್ಪು, ಮೊಟ್ಟೆ, ರಾಗಿ ಮುದ್ದೆಗೆ ಬಿಸಿಬಿಸಿ ಹುರುಳಿ ಸಾರು ಇದ್ದರಾಯಿತು. ವಿಟಮಿನ್ ಸಿ ಮಾತ್ರೆ ನುಂಗಿದವರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ದಿನವೂ ತೆಗೆದುಕೊಂಡವರಲ್ಲಿ ಅದು ತುಸು ಬೇಗ ವಾಸಿಯಾಯಿತು, ಅಷ್ಟೇ. ನಿದ್ದೆಯ ಪಾಲು ಇದಕ್ಕಿಂತ ದೊಡ್ಡದು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹಾಕಿ ನೋಡಿದರು. ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಂಭವ, ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಇಶಾ ನಮಾಝಿನ ನಂತರದ ಹರಟೆಯನ್ನು ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಆ ಹೊತ್ತಿಗೇ ಮೊಬೈಲ್ ಬೆಳಗುತ್ತದೆ. ಇನ್ನು ಸೌದೆ ಒಲೆಯ ಹೊಗೆ, ಮನೆಯೊಳಗೆ ಸೇದುವ ಬೀಡಿ. ಇವೆರಡೂ ಇರುವಲ್ಲಿ ಮಕ್ಕಳ ಕೆಮ್ಮಿಗೆ ಯಾವ ಕಷಾಯ ಕೊಟ್ಟೂ ಫಲವಿಲ್ಲ.

ನೆಗಡಿ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ; ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡದು. ಆದರೆ ಕೆಮ್ಮುವ ಮಗುವಿನ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ನೀರು ಬಿಟ್ಟಿದ್ದರೆ, ಉಸಿರು ಜೋರಾಗಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಕಂಡರೆ ನ್ಯುಮೋನಿಯಾ ಇರಬಹುದು. ಎಣಿಸುವಾಗ ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು.