ಬಣ್ಣ ನೋಡಿ ಒಗರು ಅಳೆಯಬೇಡಿ

ಇಟಲಿಯ ವಾಯುವ್ಯದಲ್ಲಿರೋ ಪಿಯೆಮೊಂಟೆ ಪ್ರದೇಶದ ಎರಡು ಕೆಂಪು ವೈನ್‌ಗಳನ್ನು ಹೋಲಿಸೋಣ. ಬಾರ್ಬೆರಾ ದ್ರಾಕ್ಷಿಯ ವೈನ್ ಕಡುಗೆಂಪು, ನೆಬ್ಬಿಯೋಲೊ ದ್ರಾಕ್ಷಿಯದು ತಿಳಿಗೆಂಪು. ಬಾರ್ಬೆರಾನೇ ಹೆಚ್ಚು ಒಗರು ಅಂತ ನಾವು ಅಂದ್ಕೊಳ್ತೀವಿ. ಬಾಯಲ್ಲಿ ಲೆಕ್ಕ ಉಲ್ಟಾ! ಬಾರ್ಬೆರಾದಲ್ಲಿ ಹುಳಿ ಜಾಸ್ತಿ, ಒಗರು ಕಡಿಮೆ. ನೆಬ್ಬಿಯೋಲೊದಲ್ಲಿ ಎರಡೂ ಜಾಸ್ತಿ.

ಯಾಕೆ? ಬಣ್ಣ ಕೊಡೋದು ಆಂಥೋಸಯನಿನ್, ಒಗರು ಕೊಡೋದು ಟ್ಯಾನಿನ್. ನಮ್ಮ ಎಂಜಲು ಬಾಯಿಗೆ ಲೂಬ್ರಿಕೆಂಟ್ ಇದ್ದ ಹಾಗೆ. ಅದರ ಪ್ರೊಟೀನಿಗೆ ಟ್ಯಾನಿನ್ ಅಂಟಿಕೊಂಡರೆ ನಾಲಿಗೆ ಒರಟಾಗುತ್ತೆ. ಅಂದ್ರೆ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ.

ಗುರುತಿಸೋದು ಸುಲಭ: ಹುಳಿಗೆ ಬಾಯಲ್ಲಿ ನೀರೂರುತ್ತೆ, ಒಗರಿಗೆ ಬಾಯಿ ಒಣಗುತ್ತೆ. ಇದನ್ನು ಕಲಿಯೋಕೆ ವೈನೇ ಬೇಕಿಲ್ಲ, ನಿಂಬೆರಸ ಮತ್ತು ಹಾಲಿಲ್ಲದ ಸ್ಟ್ರಾಂಗ್ ಟೀ ಸಾಕು. ಆಮೇಲೆ ಟೀಗೆ ಹಾಲು ಹಾಕಿ ನೋಡಿ. ಹಾಲಿನ ಪ್ರೊಟೀನ್ ಟ್ಯಾನಿನ್ ಹಿಡಿದುಕೊಂಡು ಒಗರು ಇಳಿಯುತ್ತೆ. ನೆಬ್ಬಿಯೋಲೊದಿಂದಲೇ ಮಾಡೋ ಬರೋಲೊ ವೈನನ್ನು ಮಾಂಸ, ಚೀಸ್ ಜೊತೆ ಕುಡಿಯೋದಕ್ಕೂ ಇದೊಂದು ಕಾರಣ. ಬರೋಲೊವನ್ನು ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಅನ್ನೋದು ನಿಯಮ. ಕಾಲ ಕಳೆದಂತೆ ಒಗರು ಮೆತ್ತಗಾಗುತ್ತೆ.

ಕೊನೆಗೊಂದು ಮಾತು. ಇಂಗ್ಲಿಷಿನ 'ಡ್ರೈ ವೈನ್' ಅಂದ್ರೆ ಸಿಹಿ ಇಲ್ಲದ್ದು, ಬಾಯಿ ಒಣಗಿಸೋದು ಅಲ್ಲ. ಆ ಗೊಂದಲ ನಮಗೇಕೆ? ನಮ್ಮ ಹತ್ರ 'ಒಗರು' ಇದೆಯಲ್ಲ!